ರಂಗದಿಂದ ತೆರೆಗೆ: ‘ಪ್ರೈವೇಟ್ಸ್ ಆನ್ ಪರೇಡ್’ ಚಿತ್ರದ ಪ್ರಕರಣ ಅಧ್ಯಯನ

1977ರ ಫೆಬ್ರವರಿಯಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಯು ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ಪೀಟರ್ ನಿಕೋಲ್ಸ್ ಬರೆದ ‘ಪ್ರೈವೇಟ್ಸ್ ಆನ್ ಪರೇಡ್’ ನಾಟಕವನ್ನು ಮೊದಲ ಬಾರಿಗೆ ಪ್ರದರ್ಶಿಸಿತು. 1948ರ ಸಿಂಗಪುರ ಮತ್ತು ಮಲಯಾದಲ್ಲಿ ಬ್ರಿಟಿಷ್ ಪಡೆಗಳನ್ನು ರಂಜಿಸುವುದಕ್ಕಾಗಿ ಹಾಡಿ, ಕುಣಿದು, ಹೆಣ್ಣುವೇಷ ಕಟ್ಟುವ ಸೈನಿಕರ ತಂಡವೊಂದರ ಕಥೆ ಅದು. ಆ ವರ್ಷದ ವೆಸ್ಟ್ ಎಂಡ್ ರಂಗಪ್ರಶಸ್ತಿಗಳಲ್ಲಿ ಅದಕ್ಕೆ ಅತ್ಯುತ್ತಮ ಹಾಸ್ಯನಾಟಕವೆಂಬ ಮನ್ನಣೆ ದೊರಕಿತು. ಆರು ವರ್ಷಗಳ ನಂತರ, 1983ರಲ್ಲಿ, ಅದೇ ನಾಟಕಕಾರನ ಚಿತ್ರಕಥೆ, ಅದೇ ನಿರ್ದೇಶಕ ಮೈಕೆಲ್ ಬ್ಲೇಕ್‌ಮೋರ್, ಅದೇ ಸಂಯೋಜಕ ಡೆನಿಸ್ ಕಿಂಗ್ ಮತ್ತು ಮುಖ್ಯ ಪಾತ್ರದಲ್ಲಿ ಅದೇ ನಟ ಡೆನಿಸ್ ಕ್ವಿಲಿ ಸೇರಿದ ಚಲನಚಿತ್ರ ತೆರೆಗೆ ಬಂತು. ಒಂದು ನಾಟಕವನ್ನು ಸಿನಿಮಾ ಮಾಡುವಾಗ ಸಾಮಾನ್ಯವಾಗಿ ಕೈಬಿಟ್ಟುಹೋಗುವವರೆಲ್ಲರೂ ಇಲ್ಲಿ ಜೊತೆಯಲ್ಲಿಯೇ ಇದ್ದರು. ಆದರೂ ನಾಟಕ ಗಳಿಸಿದ ಸ್ಥಾನವನ್ನು ಚಿತ್ರ ಗಳಿಸಲಿಲ್ಲ. ಹೀಗೇಕಾಯಿತು ಎಂಬುದೇ ಈ ಅಧ್ಯಯನದ ಪ್ರಶ್ನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ನಗೆಯು ಯುದ್ಧದಿಂದ ಸಿಗುವ ಬಿಡುವಲ್ಲ. ಯುದ್ಧದ ಒಂದು ಸಲಕರಣೆ. ರಂಗಭೂಮಿಯಲ್ಲಿ ಪ್ರೇಕ್ಷಕನು ಆ ನಗೆಯಲ್ಲಿ ತಾನೇ ಪಾಲುದಾರನಾಗುತ್ತಿದ್ದನು, ಆದ್ದರಿಂದ ಕೊನೆಗೆ ಗುಂಡು ಹಾರಿದಾಗ ಅದರ ಹೊಣೆಯೂ ಅವನನ್ನು ತಟ್ಟುತ್ತಿತ್ತು. ತೆರೆಯ ಮೇಲೆ ಈ ಪಾಲುದಾರಿಕೆ ಕಳಚಿಹೋಯಿತು. ಉಳಿದ ಲೋಪಗಳಲ್ಲಿ ಹೆಚ್ಚಿನವು ಈ ಒಂದರಿಂದಲೇ ಹುಟ್ಟಿದವು.

ಸೈನ್ಯದೊಳಗಿನ ರಂಗಭೂಮಿ

ಸೈನಿಕರು ಸೈನಿಕರಿಗಾಗಿ ಆಡುವ ಆಟ ನಿಕೋಲ್ಸ್ ಕಲ್ಪಿಸಿಕೊಂಡ ಸಂಗತಿಯಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿಯೇ ಫ್ರಾನ್ಸಿನ ಕಂದಕಗಳ ಹಿಂಬದಿಯಲ್ಲಿ ಬ್ರಿಟಿಷ್ ಮತ್ತು ಕೆನಡಾದ ಪಡೆಗಳು ಹಾಡು, ಪ್ರಹಸನ ಮತ್ತು ಹೆಣ್ಣುವೇಷಗಳ ತಂಡಗಳನ್ನು ಕಟ್ಟಿಕೊಂಡಿದ್ದವು. ಅಂಥ ಒಂದು ಬ್ರಿಟಿಷ್ ತಂಡವನ್ನು ಆಧರಿಸಿದ ‘ಸ್ಪ್ಲಿಂಟರ್ಸ್’ ಎಂಬ ಹಾಸ್ಯಚಿತ್ರ 1929ರಷ್ಟು ಹಿಂದೆಯೇ, ಮಾತಿನ ಚಿತ್ರಗಳ ಆರಂಭದ ದಿನಗಳಲ್ಲಿಯೇ, ಬಂದಿತ್ತು. ಎರಡನೆಯ ಮಹಾಯುದ್ಧ ಆರಂಭವಾದ 1939ರಲ್ಲಿ ಬೇಸಿಲ್ ಡೀನ್ ಎಂಬ ರಂಗನಿರ್ಮಾಪಕನ ಮುಂದಾಳತ್ವದಲ್ಲಿ ‘ಎನ್ಸಾ’ ಎಂಬ ಸಂಸ್ಥೆ ಹುಟ್ಟಿ, ವೃತ್ತಿಪರ ಕಲಾವಿದರನ್ನು ರಣರಂಗಗಳಿಗೆ ಕಳಿಸತೊಡಗಿತು. ಗಾಯಕಿ ವೇರಾ ಲಿನ್ 1944ರಲ್ಲಿ ಬರ್ಮಾ ಮುಂಚೂಣಿಯವರೆಗೂ ಹೋಗಿ ಹಾಡಿದ್ದು ಈ ಸಂಸ್ಥೆಯ ಆಶ್ರಯದಲ್ಲಿ. ಭಾರತೀಯ ಸಿಪಾಯಿಗಳಿಗಾಗಿ ‘ಫೌಜಿ ದಿಲ್‌ಖುಷ್ ಸಭಾ’ ಎಂಬ ಪ್ರತ್ಯೇಕ ವ್ಯವಸ್ಥೆ ಇತ್ತು ಎಂಬುದನ್ನು ನಮ್ಮವರಲ್ಲಿ ಹಲವರು ಮರೆತಿದ್ದಾರೆ. ಅದರ ಚರಿತ್ರೆಯನ್ನು ಯಾರಾದರೂ ಕುಳಿತು ಬರೆಯುವುದು ಅಗತ್ಯ.

ಯುದ್ಧ ಮುಗಿದ ಮೇಲೆ ಎನ್ಸಾ ಮುಚ್ಚಿಹೋಗಿ, ಅದರ ಕೆಲಸವನ್ನು ‘ಕಂಬೈನ್ಡ್ ಸರ್ವೀಸಸ್ ಎಂಟರ್ಟೈನ್‌ಮೆಂಟ್’ ವಹಿಸಿಕೊಂಡಿತು. ಇಲ್ಲಿ ರಂಗಕ್ಕೇರುತ್ತಿದ್ದವರಲ್ಲಿ ಕಡ್ಡಾಯ ಸೇವೆಗೆ ಕರೆಬಂದ ಹುಡುಗರು ಬಹಳ ಮಂದಿ ಇದ್ದರು: ಇನ್ನೂ ಗಡ್ಡಮೀಸೆ ಸರಿಯಾಗಿ ಮೂಡದವರು, ನಟನೆಯ ಹುಚ್ಚಿದ್ದವರು, ಕವಾಯತು ಮೈದಾನದಿಂದ ತಪ್ಪಿಸಿಕೊಳ್ಳಲು ಯಾವ ದಾರಿಯಾದರೂ ಸರಿ ಎನ್ನುವವರು. ಈ ಸಂಸ್ಥೆಯ ಸಿಂಗಪುರದ ತಂಡದಲ್ಲಿ ಒಂದೇ ಕಾಲದಲ್ಲಿ ಇದ್ದವರ ಹೆಸರುಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಮುಂದೆ ‘ಕ್ಯಾರಿ ಆನ್’ ಚಿತ್ರಮಾಲೆಯಿಂದ ಮನೆಮಾತಾದ ಕೆನೆತ್ ವಿಲಿಯಮ್ಸ್, ಸ್ಕಾಟ್ಲೆಂಡಿನ ಹಾಸ್ಯನಟ ಸ್ಟ್ಯಾನ್ಲಿ ಬ್ಯಾಕ್ಸ್‌ಟರ್, 1969ರ ಚಿತ್ರವೊಂದಕ್ಕಾಗಿ ನಿರ್ದೇಶನದ ಆಸ್ಕರ್ ಪಡೆದ ಜಾನ್ ಶ್ಲೆಸಿಂಜರ್, ಮತ್ತು ಬ್ರಿಸ್ಟಲ್‌ನಲ್ಲಿ 1927ರಲ್ಲಿ ಹುಟ್ಟಿ ವಾಯುಪಡೆಯ ಸೇವೆಯ ಮೇಲೆ ಭಾರತಕ್ಕೂ ಬಂದುಹೋಗಿದ್ದ ಪೀಟರ್ ನಿಕೋಲ್ಸ್. ಮೂವತ್ತು ವರ್ಷಗಳ ನಂತರ ಈ ಅನುಭವವನ್ನೇ ನಿಕೋಲ್ಸ್ ನಾಟಕವಾಗಿಸಿದರು. ಕಥೆಯ ತಂಡಕ್ಕೆ ಆಗ್ನೇಯ ಏಷ್ಯಾದ ಹಾಡು-ಕುಣಿತ ಘಟಕವೆಂಬ ಗಂಭೀರ ಸರ್ಕಾರಿ ಹೆಸರನ್ನು ಕೊಟ್ಟು, ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ‘ಸಡೂಸಿ’ ಎಂದು ಕರೆದರು.

ಇಲ್ಲಿ ಒಂದು ಕಾಲವ್ಯತ್ಯಾಸವನ್ನು ಗಮನಿಸಬೇಕು. ನಿಕೋಲ್ಸ್ ಮತ್ತು ಗೆಳೆಯರು ಸಿಂಗಪುರದಲ್ಲಿ ಆಡಿದ ದಿನಗಳು ಹೆಚ್ಚುಕಡಿಮೆ ಶಾಂತಿಯ ದಿನಗಳು. ನಾಟಕವನ್ನು ಅವರು ಉದ್ದೇಶಪೂರ್ವಕವಾಗಿ 1948ಕ್ಕೆ, ಅಂದರೆ ಮಲಯಾದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದ ವರ್ಷಕ್ಕೆ, ತಂದು ನಿಲ್ಲಿಸಿದರು. ಹೀಗೆ ಮಾಡದಿದ್ದರೆ ಅದು ಹಳೆಯ ಗೆಳೆಯರ ನೆನಪುಗಳ ಸರಮಾಲೆಯಾಗಿ ಉಳಿಯುತ್ತಿತ್ತೇ ವಿನಾ ಸಾಮ್ರಾಜ್ಯವೊಂದರ ಕೊನೆಗಾಲದ ಕಥೆಯಾಗುತ್ತಿರಲಿಲ್ಲ.

1948ರ ಮಲಯಾ

ಆ ವರ್ಷದ ಜೂನ್ 16ರಂದು ಪೆರಾಕ್ ಪ್ರಾಂತದ ಸುಂಗೈ ಸಿಪುಟ್ ಬಳಿ ಮೂವರು ಐರೋಪ್ಯ ರಬ್ಬರ್ ತೋಟಗಾರರ ಕೊಲೆಯಾಯಿತು. ಎರಡೇ ದಿನಗಳಲ್ಲಿ ಇಡೀ ಮಲಯಾಕ್ಕೆ ತುರ್ತುಪರಿಸ್ಥಿತಿ ಅನ್ವಯವಾಯಿತು. ಅದು ಮುಗಿದದ್ದು 1960ರ ಜುಲೈ 31ರಂದು. ಕಾಡಿನಲ್ಲಿ ಹೋರಾಡುತ್ತಿದ್ದವರು ಮಲಯಾದ ಕಮ್ಯುನಿಸ್ಟರು, ಅವರಲ್ಲಿ ಬಹುಪಾಲು ಚೀನೀ ಮೂಲದವರು. ಅವರ ನಾಯಕ ಚಿನ್ ಪೆಂಗ್ ಜಪಾನೀಯರ ವಿರುದ್ಧ ಬ್ರಿಟಿಷರ ಜೊತೆಗೂಡಿ ಹೋರಾಡಿ ಬ್ರಿಟಿಷ್ ಗೌರವಕ್ಕೂ ಪಾತ್ರನಾಗಿದ್ದವನು. ಎದುರು ಪಕ್ಷದಲ್ಲಿ ಇಂಗ್ಲೆಂಡಿನ ಊರುಗಳಿಂದ ಕರೆದು ತಂದ ಹುಡುಗರ ಜೊತೆಗೆ, 1947ರಲ್ಲಿ ಭಾರತೀಯ ಸೇನೆ ಹಂಚಿಕೆಯಾದಾಗ ಬ್ರಿಟನ್ನಿನ ಪಾಲಿಗೆ ಹೋದ ನಾಲ್ಕು ಗೂರ್ಖಾ ರೆಜಿಮೆಂಟುಗಳೂ ಇದ್ದವು. 1948ರ ಡಿಸೆಂಬರಿನಲ್ಲಿ ಬಾತಾಂಗ್ ಕಾಲಿ ಎಂಬಲ್ಲಿ ಸ್ಕಾಟ್ಸ್ ಗಾರ್ಡ್ಸ್ ಪಡೆಯವರು ನಿರಾಯುಧರಾದ 24 ಮಂದಿ ಗ್ರಾಮಸ್ಥರನ್ನು ಕೊಂದರು. ಮುಂದೆ ಸುಮಾರು ಐದು ಲಕ್ಷ ಜನರನ್ನು ಕಾಡಂಚಿನಿಂದ ಎಬ್ಬಿಸಿ ಬೇಲಿ ಸುತ್ತಿದ ಹೊಸ ಹಳ್ಳಿಗಳಲ್ಲಿ ನೆಲೆಗೊಳಿಸಲಾಯಿತು.

ಈ ವಿವರಗಳಲ್ಲಿ ಬಹುಪಾಲು ನಾಟಕದಲ್ಲಾಗಲಿ ಚಿತ್ರದಲ್ಲಾಗಲಿ ನೇರವಾಗಿ ಬರುವುದಿಲ್ಲ. ಆದರೆ ರೇಷ್ಮೆಯ ಗೌನು ತೊಟ್ಟ ಒಬ್ಬ ಕಾರ್ಪೊರಲ್ ಹಾಡುತ್ತಿರುವಾಗ, ರಂಗದ ಆಚೆಗೆ ನಡೆಯುತ್ತಿದ್ದದ್ದು ಇದು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ನೋಡಿದವರಿಗೆ ಚಿತ್ರದ ಕೊನೆಯ ಭಾಗ ಬೇರೆ ಯಾವುದೋ ಸಿನಿಮಾದಿಂದ ತಂದು ಅಂಟಿಸಿದಂತೆ ಕಾಣುತ್ತದೆ.

ಕಥೆ

ಸ್ಟೀವನ್ ಫ್ಲವರ್ಸ್ ಎಂಬ ಮುಗ್ಧ ತರುಣ ಸಿಂಗಪುರಕ್ಕೆ ಬಂದು ಈ ತಂಡಕ್ಕೆ ಸೇರುತ್ತಾನೆ. ತಂಡದ ಜೀವಾಳ ಹಂಗಾಮಿ ಕ್ಯಾಪ್ಟನ್ ಟೆರಿ ಡೆನಿಸ್: ಹೆಣ್ಣುವೇಷದ ನುರಿತ ಕಲಾವಿದ, ಸಲಿಂಗಪ್ರೇಮಿ, ಮಾತಿನಲ್ಲಿ ಯಾರಿಗೂ ಸೋಲದವನು, ಮಾರ್ಲೀನ್ ಡೀಟ್ರಿಚ್, ವೇರಾ ಲಿನ್, ಕಾರ್ಮೆನ್ ಮಿರಾಂಡಾ ಮೊದಲಾದವರನ್ನು ರಂಗದ ಮೇಲೆ ಅನುಕರಿಸುವವನು. ಮೇಜರ್ ಗೈಲ್ಸ್ ಫ್ಲಾಕ್ ಅವರೆಲ್ಲರ ಅಧಿಕಾರಿ. ಕ್ರೈಸ್ತಧರ್ಮದಲ್ಲಿ ಅಚಲ ಶ್ರದ್ಧೆ, ಕಮ್ಯುನಿಸಮ್ಮಿನ ಬಗ್ಗೆ ಅಷ್ಟೇ ಅಚಲ ದ್ವೇಷ, ತನ್ನ ಕಣ್ಣೆದುರಿನ ಮನುಷ್ಯರ ಬಗ್ಗೆ ಪೂರ್ತಿ ಅರಿವುಗೇಡಿತನ. ಸಾರ್ಜೆಂಟ್ ಮೇಜರ್ ರೆಗ್ ಡ್ರಮಂಡ್ ಇದೇ ಶಿಬಿರದೊಳಗಿಂದ ಬಂಡುಕೋರರಿಗೆ ಶಸ್ತ್ರಾಸ್ತ್ರಗಳನ್ನು ಮಾರುವ ವ್ಯವಹಾರದಲ್ಲಿದ್ದಾನೆ. ತಂಡದ ಏಕೈಕ ಹೆಣ್ಣು ಸಿಲ್ವಿಯಾ ಮಾರ್ಗನ್, ವೇಲ್ಸ್ ಮತ್ತು ಭಾರತ ಎರಡರ ರಕ್ತವೂ ಇರುವ ನರ್ತಕಿ, ಡ್ರಮಂಡನ ಹಿಡಿತದಲ್ಲಿದ್ದಾಳೆ. ಲೆನ್ ಬಾನಿ ಮತ್ತು ಚಾರ್ಲ್ಸ್ ಬಿಷಪ್ ಎಂಬ ಇಬ್ಬರು ಸೈನಿಕರು ಯಾರಿಗೂ ಹೇಳಿಕೊಳ್ಳದೆ, ಆದರೆ ಎಲ್ಲರಿಗೂ ತಿಳಿದಿರುವಂತೆ, ದಂಪತಿಗಳ ಹಾಗೆ ಬಾಳುತ್ತಿದ್ದಾರೆ.

ಬಂಡುಕೋರರನ್ನು ಹೊರಗೆಳೆಯುವ ಹಂಚಿಕೆಯಲ್ಲಿ ಫ್ಲಾಕ್ ಈ ತಂಡವನ್ನು ಒಳನಾಡಿಗೆ ಕರೆದೊಯ್ಯುತ್ತಾನೆ. ಹುಡುಗರ ಪಾಲಿಗೆ ಅದು ತೋಟದ ಪಡೆಗಳನ್ನು ರಂಜಿಸುವ ಪ್ರವಾಸ. ಮೇಜರನ ಪಾಲಿಗೆ ಅವರು ಗಾಳಕ್ಕೆ ಚುಚ್ಚಿದ ಎರೆಹುಳುಗಳು. ಹೊಂಚುದಾಳಿ ನಡೆಯುತ್ತದೆ, ಲೆನ್ ಸಾಯುತ್ತಾನೆ. ಸಿಲ್ವಿಯಾಳನ್ನು ಪ್ರೀತಿಸಿದ ಫ್ಲವರ್ಸ್ ಬಡ್ತಿ ಪಡೆದು, ಮೇಜರನ ನೆರಳಿಗೆ ಸರಿದು, ಗರ್ಭಿಣಿಯಾದ ಅವಳಿಂದ ಹಿಂದೆಗೆಯುತ್ತಾನೆ. ಅವಳಿಗೆ ಇಂಗ್ಲೆಂಡಿನ ದಾರಿ ತೋರಿಸಲು ಮದುವೆಗೆ ಮುಂದಾಗುವವನು ಟೆರಿ ಡೆನಿಸ್.

ಪ್ರೇಕ್ಷಕ ಕುಳಿತ ಜಾಗ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾಟಕದ ರಚನೆಯಲ್ಲಿ ಎರಡು ಬಗೆಯ ದೃಶ್ಯಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು, ಬ್ಯಾರಕ್ಕಿನಲ್ಲಿ, ಕಚೇರಿಯಲ್ಲಿ, ಬಣ್ಣದಮನೆಯಲ್ಲಿ ನಡೆಯುವ ಸಂಭಾಷಣೆ. ಇನ್ನೊಂದು, ತಂಡ ಪ್ರದರ್ಶಿಸುವ ಹಾಡುಗಳು; ಇವುಗಳ ಸಾಹಿತ್ಯವನ್ನು ನಿಕೋಲ್ಸ್ ಬರೆದರು, ಡೆನಿಸ್ ಕಿಂಗ್ 1940ರ ದಶಕದ ಮನರಂಜನಾ ಶೈಲಿಗಳನ್ನು ಪ್ರೀತಿಯಿಂದ ಅನುಸರಿಸಿ ರಾಗ ಕಟ್ಟಿದರು. ಹಾಡು ಆರಂಭವಾದೊಡನೆ ರಂಗದ ಮೇಲಿರುವವರು ನೇರವಾಗಿ ಸಭೆಯತ್ತ ತಿರುಗುತ್ತಾರೆ. ಆ ಕ್ಷಣದಲ್ಲಿ ಟಿಕೆಟ್ ಕೊಂಡು ಬಂದು ಕುಳಿತ ಲಂಡನ್ನಿನ ಪ್ರೇಕ್ಷಕರು ಬೇರೆ ಯಾವ ಸೂಚನೆಯೂ ಇಲ್ಲದೆ 1948ರ ಮಲಯಾದಲ್ಲಿ ಬೆವರಿಳಿಸುತ್ತ ಕುಳಿತ ಸೈನಿಕ ಸಮೂಹವಾಗಿಬಿಡುತ್ತಾರೆ. ಟೆರಿ ಡೆನಿಸ್ ಅವರನ್ನು ಕೆಣಕುತ್ತಾನೆ, ಅವರು ನಗುತ್ತಾರೆ, ಆ ನಗು ಕಥೆಯ ಒಳಗಿನ ನಗುವಾಗುತ್ತದೆ. ಯಾವ ಹಾಸ್ಯಕ್ಕೆ ನಗಬೇಕೆಂದು ಅವರೇ ನಿರ್ಧರಿಸುತ್ತಾರೆ. ಚೀನೀಯರ ಮೇಲಿನ ಒಂದು ಕೀಳು ಹಾಸ್ಯಕ್ಕೆ ನಕ್ಕು ಆಮೇಲೆ ಮುಜುಗರ ಪಟ್ಟುಕೊಂಡರೆ ಆ ಮುಜುಗರವೂ ಅವರದ್ದೇ. ಹೊಂಚುದಾಳಿಯ ಗುಂಡುಗಳು ಹಾರಿದಾಗ, ಕೆಲವು ನಿಮಿಷಗಳ ಹಿಂದೆ ಚಪ್ಪಾಳೆ ತಟ್ಟಿದ ಕೈಗಳು ಮಡಿಲಲ್ಲಿ ಸುಮ್ಮನಾಗಿರುತ್ತವೆ.

ಕ್ಯಾಮರಾಕ್ಕೆ ಈ ಜಾದೂ ಸಾಧ್ಯವಿಲ್ಲ. ಚಿತ್ರದಲ್ಲಿ ಹಾಡು ಬಂದಾಗ, ಆ ಹಾಡನ್ನು ಕೇಳುವ ಸೈನಿಕರನ್ನು ತೋರಿಸಲೇಬೇಕಾಗುತ್ತದೆ. ಸಮವಸ್ತ್ರ ತೊಟ್ಟ ಹುಡುಗರ ಸಾಲು ನಗುತ್ತದೆ, ಶಿಳ್ಳೆ ಹಾಕುತ್ತದೆ. ಸಿನಿಮಾ ಮಂದಿರದಲ್ಲಿ ಕುಳಿತವರು ನೋಡುವುದು ತಂಡವನ್ನಲ್ಲ, ತಂಡವನ್ನು ನೋಡುತ್ತಿರುವ ಇನ್ನೊಂದು ಗುಂಪನ್ನು. ನಗೆಯ ಕೆಲಸವನ್ನು ಆ ಗುಂಪು ವಹಿಸಿಕೊಂಡುಬಿಡುವುದರಿಂದ ನಮಗೆ ಉಳಿಯುವುದು ಸಾಕ್ಷಿಯ ಪಾತ್ರ ಮಾತ್ರ. ಹಳೆಯ ಕಾಲದ ಸೈನಿಕರು ಹೀಗೆ ನಗುತ್ತಿದ್ದರು ಎಂದು ತಿಳಿಯುತ್ತೇವೆ, ಆದರೆ ನಾವು ಅವರಾಗುವುದಿಲ್ಲ. ಬ್ಲೇಕ್‌ಮೋರ್ ಅವರಂಥ ಸೂಕ್ಷ್ಮ ನಿರ್ದೇಶಕರಿಗೆ ಈ ತೊಡಕು ತಿಳಿದಿರಲಿಲ್ಲವೆಂದು ನಾನು ನಂಬಲಾರೆ. ಸಿಡ್ನಿಯಲ್ಲಿ 1928ರಲ್ಲಿ ಹುಟ್ಟಿದ ಅವರು ನಿಕೋಲ್ಸ್ ಅವರ ಹಿಂದಿನ ಎರಡು ಪ್ರಮುಖ ನಾಟಕಗಳನ್ನೂ, ಗಂಭೀರವಾಗಿ ಅಂಗವಿಕಲಳಾದ ಮಗಳ ತಂದೆತಾಯಿಯರ ಕುರಿತ 1967ರ ನಾಟಕ ಮತ್ತು ಆಸ್ಪತ್ರೆಯ ವಾರ್ಡೊಂದರ ಕುರಿತ 1969ರ ನಾಟಕವನ್ನು, ರಂಗಕ್ಕೆ ತಂದವರು. ಆ ಎರಡರಲ್ಲಿಯೂ ಪಾತ್ರಗಳು ಸಂಕಟದ ನಡುವೆ ಪ್ರೇಕ್ಷಕರತ್ತ ತಿರುಗಿ ಹಾಸ್ಯ ಮಾಡುವುದು ಅಥವಾ ರಂಜನೆಯ ರೂಪವೊಂದನ್ನು ಅಣಕಿಸುವುದು ರಚನೆಯ ಬೆನ್ನೆಲುಬಾಗಿತ್ತು. ನಿಕೋಲ್ಸ್ ಅವರ ಇಡೀ ಕಲೆ ಈ ತಿರುಗುವಿಕೆಯ ಮೇಲೆ ನಿಂತಿದೆ. ಅದನ್ನು ಕಳೆದರೆ ಉಳಿಯುವುದು ಒಳ್ಳೆಯ ಸಂಭಾಷಣೆಗಳು ಮತ್ತು ಒಳ್ಳೆಯ ಹಾಡುಗಳು. ಅವುಗಳನ್ನು ಬೆಸೆಯುವ ಬಿಸಿ ಉಳಿಯುವುದಿಲ್ಲ.

ನಮ್ಮ ಬಯಲಾಟ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಯಕ್ಷಗಾನದ ಹಾಸ್ಯಗಾರ ಸಭೆಯಲ್ಲಿ ಕುಳಿತ ಊರಗೌಡರನ್ನು ಹೆಸರಿಡದೆ ಚುಚ್ಚಿದಾಗ ಎದ್ದ ನಗೆ, ಅದೇ ಪ್ರಸಂಗದ ಧ್ವನಿಮುದ್ರಿಕೆಯಲ್ಲಿ ಕೇಳಿದಾಗ ಏಳುವುದಿಲ್ಲ.

ಮೇಜರ್ ಫ್ಲಾಕ್ ಯಾರಾಗಬೇಕಿತ್ತು

ರಂಗದ ಮೇಲೆ ಫ್ಲಾಕ್ ಪಾತ್ರವನ್ನು ನೈಜೆಲ್ ಹಾಥಾರ್ನ್ ಮಾಡಿದ್ದರು; ಆ ವರ್ಷದ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ಅವರಿಗೆ ಬಂತು. ಚಿತ್ರದಲ್ಲಿ ಆ ಪಾತ್ರ ಜಾನ್ ಕ್ಲೀಸ್ ಅವರ ಪಾಲಾಯಿತು. ಚಿತ್ರವನ್ನು ನಿರ್ಮಿಸಿದ್ದು ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಮತ್ತು ಡೆನಿಸ್ ಓಬ್ರಯನ್ ಕಟ್ಟಿದ ಹ್ಯಾಂಡ್‌ಮೇಡ್ ಫಿಲ್ಮ್ಸ್. ಕ್ಲೀಸ್ ಸದಸ್ಯರಾಗಿದ್ದ ಮಾಂಟಿ ಪೈಥಾನ್ ತಂಡದ 1979ರ ಚಿತ್ರವೊಂದನ್ನು ಮೂಲ ಬಂಡವಾಳಗಾರರು ಕೈಬಿಟ್ಟಾಗ ಅದನ್ನು ಉಳಿಸುವುದಕ್ಕೆಂದೇ ಆ ಸಂಸ್ಥೆ ಹುಟ್ಟಿಕೊಂಡಿತ್ತು. ಹೀಗಿರುವಾಗ ಕ್ಲೀಸ್ ಆಯ್ಕೆ ಸಹಜವಾದದ್ದು. ಆ ಹೊತ್ತಿಗೆ ಕೇವಲ ಹನ್ನೆರಡು ಕಂತುಗಳ ‘ಫಾಲ್ಟಿ ಟವರ್ಸ್’ ಧಾರಾವಾಹಿಯಿಂದ ಅವರು ಬ್ರಿಟನ್ನಿನ ಅತ್ಯಂತ ಪರಿಚಿತ ಹಾಸ್ಯಮುಖವಾಗಿದ್ದರು, ಅವರ ಹೆಸರಿದ್ದರೆ ಅಮೆರಿಕದಲ್ಲಿಯೂ ಚಿತ್ರಕ್ಕೆ ಬಾಗಿಲು ತೆರೆಯುತ್ತಿತ್ತು.

ಕ್ಲೀಸ್ ಅವರ ಅಭಿನಯದಲ್ಲಿ ಶಿಸ್ತಿನ ಕೊರತೆಯಿಲ್ಲ. ಅನೇಕ ಕಡೆ ಅವರು ತಮ್ಮ ಎಂದಿನ ಅಬ್ಬರವನ್ನು ಬಿಗಿಯಾಗಿ ಹಿಡಿದಿಟ್ಟಿದ್ದಾರೆ, ನಿಲುವಿನಲ್ಲಿ ಮತ್ತು ಉಚ್ಚಾರಣೆಯಲ್ಲಿ ಆ ಕಾಲದ ಅಧಿಕಾರಿಯನ್ನು ಚೆನ್ನಾಗಿ ಕಡೆದಿದ್ದಾರೆ. ಸಮಸ್ಯೆ ಇರುವುದು ಅವರಲ್ಲಿ ಅಲ್ಲ, ಅವರನ್ನು ನೋಡುವ ನಮ್ಮಲ್ಲಿ. ಕ್ಲೀಸ್ ತೆರೆಯ ಮೇಲೆ ಕಾಣಿಸಿದೊಡನೆ ಈ ಮನುಷ್ಯ ಅನಾಹುತ ಮಾಡುತ್ತಾನೆ, ಆ ಅನಾಹುತ ನಗುವಂಥದ್ದಾಗಿರುತ್ತದೆ ಎಂದು ಪ್ರೇಕ್ಷಕ ಸಿದ್ಧನಾಗಿಬಿಡುತ್ತಾನೆ. ಆದರೆ ಫ್ಲಾಕ್‌ನ ಭಯಾನಕತೆ ಇರುವುದು ಅವನ ಪ್ರಾಮಾಣಿಕತೆಯಲ್ಲಿ. ಅವನು ಲಂಚಕೋರನಲ್ಲ, ಹೇಡಿಯಲ್ಲ, ಕ್ರೂರಿಯೂ ಅಲ್ಲ. ತನ್ನ ಹುಡುಗರ ಆತ್ಮಗಳ ಬಗ್ಗೆ ಅವನಿಗೆ ನಿಜವಾದ ಕಾಳಜಿ ಇದೆ. ಅವರ ಪ್ರಾಣಗಳ ಬಗ್ಗೆ ಯೋಚಿಸುವುದು ಮಾತ್ರ ಅವನಿಗೆ ಹೊಳೆಯುವುದಿಲ್ಲ. ಸಾಮ್ರಾಜ್ಯಗಳನ್ನು ಉಳಿಸಿಕೊಂಡು ಬಂದವರು ಡ್ರಮಂಡನಂಥ ಕಳ್ಳರಲ್ಲ, ಫ್ಲಾಕ್‌ನಂಥ ಸಜ್ಜನರು ಎಂಬುದು ನಿಕೋಲ್ಸ್ ಅವರ ತಿಳಿವು, ಮತ್ತು ಇಡೀ ನಾಟಕದಲ್ಲಿ ಇದಕ್ಕಿಂತ ಗಟ್ಟಿಯಾದ ತಿಳಿವು ಇನ್ನೊಂದಿಲ್ಲ. ಹಾಸ್ಯನಟನ ಖ್ಯಾತಿ ಈ ಪಾತ್ರದ ಮೇಲೆ ಕುಳಿತಾಗ, ತಂಡವನ್ನು ಕಾಡಿಗೆ ಕರೆದೊಯ್ಯುವ ಅವನ ನಿರ್ಧಾರ ನೈತಿಕ ಕುರುಡುತನದಂತೆ ಕಾಣುವ ಬದಲು ಪೆದ್ದುತನದಂತೆ ಕಾಣುತ್ತದೆ. ಪೆದ್ದುತನವನ್ನು ನಾವು ಕ್ಷಮಿಸುತ್ತೇವೆ.

ಜೊತೆಗೆ ಇನ್ನೊಂದು ಪರಿಣಾಮವಾಯಿತು. ನಾಟಕದ ಭಾರಕೇಂದ್ರ ಟೆರಿ ಡೆನಿಸ್ ಮತ್ತು ಅವನ ಸುತ್ತಲಿನ ಹುಡುಗರು. ದೊಡ್ಡ ತಾರೆಯೊಬ್ಬ ಅಧಿಕಾರಿಯ ಪಾತ್ರದಲ್ಲಿದ್ದಾಗ ಪ್ರೇಕ್ಷಕನ ಕಣ್ಣು ಅಧಿಕಾರಿಯ ಕಡೆಗೆ ಜಾರುತ್ತದೆ, ಜಾಹೀರಾತೂ ಅವನನ್ನೇ ಮುಂದಿಡುತ್ತದೆ. ಸೈನ್ಯದ ಶ್ರೇಣಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ತಲೆಕೆಳಗು ಮಾಡುವ ಕೃತಿಯೊಂದು ಹೀಗೆ ಮತ್ತೆ ನೆಟ್ಟಗೆ ನಿಂತುಬಿಟ್ಟಿತು.

ಕಾಡನ್ನು ತೋರಿಸಬೇಕಾದ ಸಂಕಟದ ಬಗ್ಗೆ ಒಂದೆರಡು ಮಾತು ಸಾಕು. ಚಿತ್ರೀಕರಣ ನಡೆದದ್ದು ಇಂಗ್ಲೆಂಡಿನಲ್ಲಿ, ಮಲಯಾದಲ್ಲಿ ಅಲ್ಲ. ರಂಗದ ಮೇಲೆ ಕಾಡು ಕತ್ತಲೆ ಮಾತ್ರ, ಅದನ್ನು ನಂಬಲು ಯಾರಿಗೂ ಕಷ್ಟವಿಲ್ಲ. ತೆರೆಯ ಮೇಲೆ ಎಲೆ ಎಲೆಯೂ ಕಾಣುತ್ತದೆ, ಬಿಸಿಲಿನ ಬಣ್ಣವೂ ಕಾಣುತ್ತದೆ, ಮತ್ತು ಆ ಬಿಸಿಲು ಸಮಭಾಜಕದ ಬಿಸಿಲಲ್ಲವೆಂದು ಕಣ್ಣಿಗೆ ತಿಳಿಯುತ್ತದೆ.

ಟೆರಿ ಡೆನಿಸ್

ಚಿತ್ರ ಸೋಲದೆ ಉಳಿದಿರುವ ಜಾಗ ಇದು. ರಂಗದ ಮೇಲೆ ಈ ಪಾತ್ರವನ್ನು ಮೊದಲು ಮಾಡಿದ ಡೆನಿಸ್ ಕ್ವಿಲಿ ಚಿತ್ರದಲ್ಲಿಯೂ ಅದನ್ನು ವಹಿಸಿದರು. ಅವರು ಎತ್ತರದ, ಗಡಸು ಕಂಠದ, ಸಂಗೀತ ಬಲ್ಲ ನಟ. ಅವರ ಟೆರಿ ಡೆನಿಸ್ ನಯನಾಜೂಕಿನ ಗೊಂಬೆಯಲ್ಲ. ಭುಜಗಳ ಅಗಲವನ್ನು ಗೌನಿನೊಳಗೆ ಅಡಗಿಸಲು ಯತ್ನಿಸದೆ, ಆ ವಿರೋಧವನ್ನೇ ಬಂಡವಾಳ ಮಾಡಿಕೊಂಡು ನಡೆಯುತ್ತಾರೆ.

ಹೆಣ್ಣುವೇಷ ನಮಗೆ ಹೊಸದಲ್ಲ. ಯಕ್ಷಗಾನದ ಸ್ತ್ರೀವೇಷಧಾರಿ ದಮಯಂತಿಯಾದಾಗ, ಅವನು ಗಂಡಸೆಂಬ ಅರಿವನ್ನು ಸಭೆ ಬೇಗ ಬದಿಗಿಡುತ್ತದೆ. ವೃತ್ತಿನಾಟಕ ಕಂಪನಿಗಳಲ್ಲಿಯೂ ಗಂಡಸರು ನಾಯಕಿಯರ ಪಾತ್ರ ಕಟ್ಟಿ ಕಣ್ಣೀರು ತರಿಸುತ್ತಿದ್ದ ಕಾಲವಿತ್ತು. ಬ್ರಿಟಿಷ್ ಸೈನಿಕ ತಂಡದ ವೇಷದ ಉದ್ದೇಶ ಬೇರೆ. ಅಲ್ಲಿ ಗಂಡಸೆಂಬುದು ಸದಾ ಎದ್ದು ಕಾಣುತ್ತಿರಬೇಕು, ನಗೆ ಹುಟ್ಟುವುದೇ ಅದರಿಂದ. ಕ್ವಿಲಿ ಅವರ ಸಾಧನೆಯೆಂದರೆ, ನಗಿಸುವ ಈ ಸಂಪ್ರದಾಯದೊಳಗೆ ನಿಂತು, ಆಗಾಗ ಕೆಲವು ಕ್ಷಣಗಳ ಕಾಲ ಮೊದಲನೆಯ ಬಗೆಯ ಭಾವಕ್ಕೆ ಜಿಗಿಯುವುದು. ಹಾಡಿನ ನಡುವೆ ನಗೆ ನಿಂತು, ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿರುವ ಒಬ್ಬಂಟಿ ಮನುಷ್ಯನ ದನಿ ಕೇಳಿಸುತ್ತದೆ; ಮರುಕ್ಷಣವೇ ಒಂದು ಪೋಲಿ ಮಾತು ಅದನ್ನು ಮುಚ್ಚುತ್ತದೆ.

ಕಾನೂನಿನ ಹಿನ್ನೆಲೆಯನ್ನು ಇಲ್ಲಿ ನೆನೆಯಬೇಕು. 1948ರಲ್ಲಿ ಗಂಡಸರ ನಡುವಿನ ಪ್ರೇಮ ಇಂಗ್ಲೆಂಡಿನಲ್ಲಿ ಅಪರಾಧವಾಗಿತ್ತು. ನಾಗರಿಕರ ಮಟ್ಟಿಗೆ ಅದು ತಕ್ಕಮಟ್ಟಿಗೆ ತೆರವಾದದ್ದು 1967ರಲ್ಲಿ, ಸಶಸ್ತ್ರ ಪಡೆಗಳ ನಿಷೇಧ ತೆರವಾದದ್ದು 2000ದಲ್ಲಿ. ಸಿಂಗಪುರದಲ್ಲಿ ವಸಾಹತು ಸರ್ಕಾರ 1938ರಲ್ಲಿ ಸೇರಿಸಿದ 377ಎ ಸೆಕ್ಷನ್ನನ್ನು ರದ್ದುಪಡಿಸುವ ಮಸೂದೆ ಅಲ್ಲಿನ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2022ರಲ್ಲಿ. ಅದರ ಹಿರಿಯಣ್ಣನಂತಿದ್ದ ನಮ್ಮ 377ನೆಯ ಸೆಕ್ಷನ್ನಿನ ಹಲ್ಲನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಕಿತ್ತಿತು. ಬ್ರಿಟಿಷ್ ರಂಗಭೂಮಿಯಲ್ಲಿ ನಾಟಕಗಳಿಗೆ ಲಾರ್ಡ್ ಚೇಂಬರ್ಲಿನ್ ಕಚೇರಿಯ ಪೂರ್ವಪರಿಶೀಲನೆ 1968ರವರೆಗೂ ಇತ್ತು. ಹಾಗಾಗಿ ನಿಕೋಲ್ಸ್ ಈ ಕಥೆಯನ್ನು ಹತ್ತು ವರ್ಷ ಮೊದಲು ಬರೆದಿದ್ದರೆ ಲೆನ್ ಮತ್ತು ಚಾರ್ಲ್ಸ್ ಅವರ ಬಾಳ್ವೆಯನ್ನು ಇಷ್ಟು ಸಹಜವಾಗಿ ತೋರಿಸಲು ಆಗುತ್ತಿರಲಿಲ್ಲ. ಲೆನ್ ಸತ್ತಾಗ ಚಾರ್ಲ್ಸ್‌ನ ದುಃಖಕ್ಕೆ ಸೈನ್ಯದ ಕಡತದಲ್ಲಿ ಯಾವ ಸ್ಥಾನವೂ ಇಲ್ಲ. ಅವನು ವಿಧವೆಯಲ್ಲ, ಬಂಧುವಲ್ಲ, ಸಹೋದ್ಯೋಗಿ ಮಾತ್ರ. ಚಿತ್ರದಲ್ಲಿ ಜೋ ಮೆಲಿಯಾ ಮತ್ತು ಡೇವಿಡ್ ಬಾಂಬರ್ ಈ ಜೋಡಿಯನ್ನು ಯಾವ ಅತಿರೇಕವೂ ಇಲ್ಲದೆ ನಿರ್ವಹಿಸಿದ್ದಾರೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಚಿತ್ರದ ಅತ್ಯಂತ ಸತ್ಯವಾದ ಸಂಬಂಧ ಇದೇ.

ಸಿಲ್ವಿಯಾ ಮತ್ತು ಮೌನಿಗಳು

ಸಿಲ್ವಿಯಾ ಮಾರ್ಗನ್ ಪಾತ್ರದಲ್ಲಿ ಕನ್ನಡ ಓದುಗರಿಗೆ ಹತ್ತಿರದ ಚರಿತ್ರೆ ಇದೆ. 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ ಯುರೇಷಿಯನ್ನರ ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡ್, ಚಿನ್ನದ ಗಣಿಯ ಸುತ್ತ ಬೆಳೆದ ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಬಡಾವಣೆಗಳು, ಬೆಂಗಳೂರು ದಂಡಿನ ರೈಲ್ವೆ ಮತ್ತು ಅಂಚೆ ಇಲಾಖೆಯ ಕುಟುಂಬಗಳು 1947ರ ನಂತರ ಎದುರಿಸಿದ ಪ್ರಶ್ನೆಯೇ ಅವಳ ಪ್ರಶ್ನೆ. ತಾನು ಹುಟ್ಟಿದ ನೆಲ ಬೇರೆಯವರ ದೇಶವಾಯಿತು, ತಾನು ಮನೆ ಎಂದು ಕರೆಯಲು ಕಲಿತ ಇಂಗ್ಲೆಂಡನ್ನು ಎಂದೂ ಕಂಡಿಲ್ಲ. ಫ್ಲವರ್ಸ್ ಅವಳಿಂದ ಹಿಂದೆಗೆಯುವುದು ಒಬ್ಬ ಹುಡುಗನ ಚಂಚಲತೆಯಷ್ಟೇ ಅಲ್ಲ. ತಾವು ಹುಟ್ಟಿಸಿದ ಜನರನ್ನು ಸಾಮ್ರಾಜ್ಯದವರು ಹಡಗಿನ ಕಟ್ಟೆಯ ಮೇಲೆ ಬಿಟ್ಟುಹೋದ ರೀತಿಯೇ ಅದು. ಹೀಗಿರುವಾಗ ಆ ಪಾತ್ರಕ್ಕೆ ಭಾರತೀಯ ಮೂಲವಿಲ್ಲದ ನಿಕೋಲಾ ಪ್ಯಾಜೆಟ್ ಅವರನ್ನು ಆರಿಸಿದ್ದು, ಅವರ ಅಭಿನಯ ಎಷ್ಟೇ ಕಾಳಜಿಯದಾಗಿದ್ದರೂ, ಚಿತ್ರದ ಸ್ಪಷ್ಟ ದೋಷ. 1983ರ ಬ್ರಿಟನ್ನಿನಲ್ಲಿ ದಕ್ಷಿಣ ಏಷ್ಯಾ ಮೂಲದ ನಟಿಯರು ಇರಲಿಲ್ಲವೆಂದು ಯಾರೂ ಹೇಳಲಾರರು.

ತಂಡದ ಇಬ್ಬರು ಚೀನೀ ಸೇವಕರು ಕಥೆಯುದ್ದಕ್ಕೂ ಮೌನವಾಗಿರುತ್ತಾರೆ. ಅವರು ಸಾಮಾನು ಜೋಡಿಸುತ್ತಾರೆ, ತಟ್ಟೆ ತರುತ್ತಾರೆ, ನೋಡುತ್ತಾರೆ. ನಾಟಕದಲ್ಲಿ ಈ ಮೌನಕ್ಕೆ ಎಷ್ಟೊಂದು ತೂಕವಿದೆಯೆಂದರೆ, ಎಲ್ಲರೂ ಹಾಡಿ ಮಾತನಾಡಿ ಸುಸ್ತಾಗುವ ರಂಗದ ಮೇಲೆ ಒಂದೂ ಮಾತಾಡದ ಇಬ್ಬರು ಕ್ರಮೇಣ ಕೇಂದ್ರಕ್ಕೆ ಬರುತ್ತಾರೆ. ಇದು ಅವರನ್ನು ನಿಗೂಢ ಪೌರ್ವಾತ್ಯರೆಂಬ ಹಳೆಯ ಅಚ್ಚಿಗೆ ಸುರಿದಂತೆ ಎಂಬ ಆಕ್ಷೇಪಣೆಗೆ ಹುರುಳಿದೆ. ಆದರೆ ಅವರಿಗೆ ಮಾತು ಇಲ್ಲದಿರುವುದಕ್ಕೆ ಕಾರಣ ಅವರಲ್ಲಿ ಹೇಳುವುದಕ್ಕೆ ಏನೂ ಇಲ್ಲವೆಂದಲ್ಲ. ಸುತ್ತ ಇರುವ ಯಾರೂ ಕೇಳುವುದಿಲ್ಲ ಎಂಬುದು. ಈ ವ್ಯತ್ಯಾಸ ರಂಗದ ಮೇಲೆ ಸ್ಪಷ್ಟ. ಕ್ಯಾಮರಾ ಯಾರನ್ನು ಹತ್ತಿರದಿಂದ ತೋರಿಸಬೇಕೆಂದು ಆಯ್ದುಕೊಳ್ಳುವ ತೆರೆಯ ಮೇಲೆ ಅವರು ಬಹುಪಾಲು ಹಿನ್ನೆಲೆಗೆ ಸರಿದುಬಿಡುತ್ತಾರೆ.

ಇದೇ ವಸ್ತುವಿನ ಮೇಲೆ ಬಿಬಿಸಿ 1974ರಿಂದ 1981ರವರೆಗೆ ‘ಇಟ್ ಏಂಟ್ ಹಾಫ್ ಹಾಟ್ ಮಮ್’ ಎಂಬ ಧಾರಾವಾಹಿಯನ್ನು ಪ್ರಸಾರ ಮಾಡಿತ್ತು. ಅದರ ಲೇಖಕರಲ್ಲಿ ಒಬ್ಬರಾದ ಜಿಮ್ಮಿ ಪೆರಿ ಸ್ವತಃ ನಾಸಿಕದ ಬಳಿಯ ದೇವಳಾಲಿಯಲ್ಲಿ ಇಂಥದ್ದೇ ತಂಡದಲ್ಲಿದ್ದವರು. 56 ಕಂತುಗಳ ಆ ಧಾರಾವಾಹಿಯಲ್ಲಿ ಭಾರತೀಯ ಸೇವಕ ರಂಗಿ ರಾಮನ ಪಾತ್ರವನ್ನು ಮುಖಕ್ಕೆ ಕಂದು ಬಣ್ಣ ಹಚ್ಚಿಕೊಂಡು ಮಾಡಿದವರು ಮೈಕೆಲ್ ಬೇಟ್ಸ್. ಝಾನ್ಸಿಯಲ್ಲಿ ಹುಟ್ಟಿ, ಹಿಂದೂಸ್ತಾನಿ ಬಲ್ಲ ಇಂಗ್ಲಿಷ್ ನಟ. ಎರಡೂ ಕೃತಿಗಳ ಹೊರಮೈ ಒಂದೇ: ಹೆಣ್ಣುವೇಷದ ಹುಡುಗರು, ಗುಡುಗುವ ಸಾರ್ಜೆಂಟ್ ಮೇಜರ್, ತಿಳಿಗೇಡಿ ಅಧಿಕಾರಿಗಳು. ಒಳಗಿನ ಭೇದ ಬಹಳ ದೊಡ್ಡದು. ಧಾರಾವಾಹಿಯಲ್ಲಿ ಮುಂದಿನ ವಾರಕ್ಕೆ ಎಲ್ಲರೂ ಬದುಕಿರಲೇಬೇಕು, ಆದ್ದರಿಂದ ಯಾವ ಹಾಸ್ಯಕ್ಕೂ ಬೆಲೆ ತೆರಬೇಕಾಗುವುದಿಲ್ಲ. ಚಿತ್ರ ಬಿಡುಗಡೆಯಾದಾಗ ಈ ಧಾರಾವಾಹಿ ಮುಗಿದು ಎರಡೇ ವರ್ಷಗಳಾಗಿದ್ದವು. ಅದರ ರುಚಿ ನಾಲಿಗೆಯ ಮೇಲಿದ್ದ ಬ್ರಿಟಿಷ್ ಪ್ರೇಕ್ಷಕರು ಅದನ್ನೇ ನಿರೀಕ್ಷಿಸಿ ಬಂದಿರಬಹುದು, ಲೆನ್‌ನ ಸಾವನ್ನು ಕಂಡು ಗಲಿಬಿಲಿಗೊಂಡಿರಬಹುದು ಎಂಬುದು ನನ್ನ ಊಹೆ.

ಆಮೇಲೆ

ಚಿತ್ರ ಮರೆಗೆ ಸರಿದರೂ ನಾಟಕ ಸರಿಯಲಿಲ್ಲ. 1989ರಲ್ಲಿ ನ್ಯೂಯಾರ್ಕಿನ ರೌಂಡ್‌ಅಬೌಟ್ ರಂಗಸಂಸ್ಥೆ ಜಿಮ್ ಡೇಲ್ ಅವರನ್ನು ಮುಖ್ಯ ಪಾತ್ರದಲ್ಲಿಟ್ಟು ಅದನ್ನು ಆಡಿತು. ಮೈಕೆಲ್ ಗ್ರ್ಯಾಂಡೇಜ್ ಅದನ್ನು ಎರಡು ಬಾರಿ ನಿರ್ದೇಶಿಸಿದರು: 2001ರಲ್ಲಿ ಲಂಡನ್ನಿನ ಪುಟ್ಟ ಡಾನ್ಮಾರ್ ವೇರ್‌ಹೌಸ್‌ನಲ್ಲಿ ರಾಜರ್ ಆಲಮ್ ಅವರೊಂದಿಗೆ, 2012ರ ಕೊನೆಯಲ್ಲಿ ನೋಯೆಲ್ ಕವರ್ಡ್ ರಂಗಮಂದಿರದಲ್ಲಿ ಸೈಮನ್ ರಸೆಲ್ ಬೀಲ್ ಅವರೊಂದಿಗೆ. ಆಲಮ್ ಅವರಿಗೆ ಟೆರಿ ಡೆನಿಸ್ ಪಾತ್ರಕ್ಕಾಗಿ ಒಲಿವಿಯರ್ ಪ್ರಶಸ್ತಿ ಬಂತು. ಪ್ರೇಕ್ಷಕರನ್ನು ಸೈನಿಕರನ್ನಾಗಿಸುವ ಆ ಹಳೆಯ ಉಪಾಯ, ಕಡ್ಡಾಯ ಸೈನಿಕ ಸೇವೆಯನ್ನು ಕಂಡೇ ಇರದ ತಲೆಮಾರಿನ ಸಭೆಯ ಮುಂದೆಯೂ ಕೆಲಸ ಮಾಡಿತು ಎಂಬುದಕ್ಕೆ ಈ ಮರುಪ್ರದರ್ಶನಗಳು ಸಾಕ್ಷಿ.

ಹಾಗೆಂದು ಚಿತ್ರವನ್ನು ಬದಿಗಿಡಬೇಕೆಂದು ನಾನು ಹೇಳಲಾರೆ. ಕ್ವಿಲಿ 2003ರಲ್ಲಿ ತೀರಿಕೊಂಡರು, ನಿಕೋಲ್ಸ್ 2019ರಲ್ಲಿ, ಬ್ಲೇಕ್‌ಮೋರ್ 2023ರಲ್ಲಿ. ಮೂಲ ಪ್ರದರ್ಶನವನ್ನು ಕಟ್ಟಿದ ಈ ಮೂವರ ಒಟ್ಟು ಕೆಲಸವನ್ನು ಇಂದು ಕಣ್ಣಾರೆ ನೋಡಲು ಈ ಚಿತ್ರ ದಾರಿ ಮಾಡಿಕೊಡುತ್ತದೆ. ಹಾಡುಗಳ ದೃಶ್ಯಗಳಲ್ಲಿ ಕ್ಯಾಮರಾ ಸೈನಿಕ ಸಭೆಯತ್ತ ಹೊರಳಿದಾಗಲೆಲ್ಲ ಆ ಮುಖಗಳ ಜಾಗದಲ್ಲಿ ತಮ್ಮನ್ನು ಇಟ್ಟುಕೊಂಡು ನೋಡುವ ತಾಳ್ಮೆಯುಳ್ಳವರು, ರಂಗದ ಮೇಲೆ ಇದ್ದ ಬಿಸಿಯನ್ನು ಸಾಕಷ್ಟು ಮಟ್ಟಿಗೆ ಮರಳಿ ಪಡೆಯಬಲ್ಲರು. ನಾಟಕದ ಪಠ್ಯವನ್ನು ಮೊದಲು ಓದಿ ಆಮೇಲೆ ಚಿತ್ರವನ್ನು ನೋಡುವುದು ಇದಕ್ಕೆ ಸರಿಯಾದ ಕ್ರಮವೆಂದು ನನಗೆ ತೋರುತ್ತದೆ.